ಚಾರ್ಜ್ ನಿಲ್ಲದ ಫೋನು, ಸಿಗ್ನಲ್ ಸಿಗದ ಊರು

ಹದಿನಾಲ್ಕು ವರ್ಷದಿಂದ ಸಾಗರದಲ್ಲಿ ಮೊಬೈಲ್ ರಿಪೇರಿ ಮಾಡುತ್ತಿದ್ದೇನೆ. ಕೊಳ್ಳುವಾಗ ಜನ ಕೇಳುವುದು ಕ್ಯಾಮೆರಾ ಎಷ್ಟು, ರ‍್ಯಾಮ್ ಎಷ್ಟು ಅಂತ. ವರ್ಷ ಕಳೆದು ರಿಪೇರಿಗೆ ಬಂದಾಗ ಆ ಮಾತೇ ಇರುವುದಿಲ್ಲ. ‘ಚಾರ್ಜ್ ನಿಲ್ತಾ ಇಲ್ಲ’, ‘ಮಾತಾಡ್ತಾ ಮಾತಾಡ್ತಾ ಕಟ್ ಆಗ್ತದೆ’. ಫೋನಿನ ಮೇಲೆ ಬೇಸರ ಬರುವುದು ಇಂಥವುಗಳಿಂದ. ನಿನ್ನೆ ಮಾಡಿದ ಕೆಲಸವನ್ನು ಇವತ್ತೂ ಮಾಡುತ್ತದೆ ಎಂಬ ಭರವಸೆ ಇದ್ದರೆ ಐದು ವರ್ಷದ ಹಳೇ ಫೋನನ್ನೂ ಜನ ಬಿಡಲು ಒಪ್ಪುವುದಿಲ್ಲ.

ಶರಾವತಿ ಹಿನ್ನೀರಿನ ಆಚೆ ದಡದಿಂದ ಒಬ್ಬರು ಅಮ್ಮ ಬಂದಿದ್ದರು. 2025ರ ಜುಲೈನಲ್ಲಿ ಕಳಸವಳ್ಳಿ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯದೆ ಪೇಟೆಗೆ ಬರಬಹುದು. ಸಿಗ್ನಲ್ ಮಾತ್ರ ಅವರ ಮನೆವರೆಗೆ ಇನ್ನೂ ಸರಿಯಾಗಿ ಹೋಗಿಲ್ಲ.

‘ತಮ್ಮಾ, ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿದ್ರೂ ಮಧ್ಯಾಹ್ನ ಊಟದ ಹೊತ್ತಿಗೆ ಖಾಲಿ. ಮಗ ಬೆಂಗಳೂರಿಂದ ಹೊಸದು ಕಳಿಸ್ತೀನಿ ಅಂತಾನೆ. ಇದು ಹಾಳಾಗಿದ್ಯಾ, ಒಂದ್ಸಲ ನೋಡು.’

ಹಿಂಬದಿ ಉಬ್ಬಿರಲಿಲ್ಲ, ಫೋನ್ ಬಿಸಿಯೂ ಇರಲಿಲ್ಲ. ‘ಸಂತೆ ಮುಗಿಸಿ ಬನ್ನಿ ಅಮ್ಮಾ’ ಎಂದು ಕಳಿಸಿ ಎರಡು ತಾಸು ಮೇಜಿನ ಮೇಲಿಟ್ಟೆ. ಇಳಿದದ್ದು ಶೇ. 2 ಅಷ್ಟೆ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಬಳಕೆ ತೆಗೆದು ನೋಡಿದರೆ ಮೊದಲ ಸಾಲಿನಲ್ಲಿ ಯಾವ ಆ್ಯಪೂ ಇಲ್ಲ, ‘ಮೊಬೈಲ್ ನೆಟ್‌ವರ್ಕ್’ ಇದೆ. ಟವರ್ ದೂರವಿದ್ದಷ್ಟೂ ಫೋನು ಹೆಚ್ಚು ಶಕ್ತಿ ಹಾಕಿ ಸಿಗ್ನಲ್ ಕಳಿಸಬೇಕು, ತೋಟದ ಆ ತುದಿಯಲ್ಲಿರುವವರನ್ನು ಕೂಗಿ ಕರೆದ ಹಾಗೆ. ಸಿಗ್ನಲ್ ಪೂರ್ತಿ ಹೋದರೂ ಸುಮ್ಮನಿರದೆ ಹುಡುಕುತ್ತಲೇ ಇರುತ್ತದೆ. ಬ್ಯಾಟರಿ ಖಾಲಿಯಾಗುತ್ತಿದ್ದದ್ದು ಹಾಗೆ.

ಮನೆಯಲ್ಲಿ ಫೈಬರ್ ಇಂಟರ್ನೆಟ್ ಇದೆ ಎಂದರು. ವೈಫೈ ಕಾಲಿಂಗ್ ಆನ್ ಮಾಡಿದೆ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೊ 2020ರ ಜನವರಿಯಲ್ಲಿ ಶುರು ಮಾಡಿದ ಈ ಸೌಲಭ್ಯಕ್ಕೆ ಬೇರೆ ದುಡ್ಡಿಲ್ಲ, ಆ್ಯಪೂ ಬೇಡ. ಫೋನ್ ಅದಕ್ಕೆ ಹೊಂದುವಂಥದ್ದಾಗಿದ್ದರೆ ಸಾಕು, ಮಾಮೂಲಿ ನಂಬರಿನ ಕರೆಯೇ ವೈಫೈ ಮೂಲಕ ಬರುತ್ತದೆ. ಏರ್‌ಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಆನ್ ಇಟ್ಟರೂ ಹೆಚ್ಚಿನ ಫೋನ್‌ಗಳಲ್ಲಿ ಕರೆ ಬರುತ್ತದೆ, ಟವರ್ ಹುಡುಕುವ ಕೆಲಸವೂ ನಿಲ್ಲುತ್ತದೆ. ಮಲೆನಾಡಿನಲ್ಲಿ ಫೋನ್ ಮಾರುವ ಪ್ರತಿಯೊಬ್ಬರೂ ಡಬ್ಬಿ ಒಡೆದ ಕೂಡಲೇ ಇದನ್ನು ಮಾಡಿಕೊಡಬೇಕು. ಒಂದು ಕರೆ ಮಾಡಲು ಗುಡ್ಡ ಹತ್ತುವ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ ಎನ್ನುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಬ್ಯಾಟರಿಯೇ ಸೋತಿರುವುದೂ ಉಂಟು. ಲಿಥಿಯಂ ಬ್ಯಾಟರಿಗೆ ಸೆಕೆ ಆಗದು. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡುವುದು, ದಿಂಬಿನಡಿ ಚಾರ್ಜ್‌ಗೆ ಹಾಕುವುದು, ಇವೆರಡನ್ನು ಬಿಟ್ಟರೇ ಅದರ ಆಯುಷ್ಯ ಹೆಚ್ಚುತ್ತದೆ. ಸೋತ ಮೇಲೆ ಒಳ್ಳೆಯ ಬ್ಯಾಟರಿ ಹಾಕಿಸಿದರೆ ಫೋನು ಮತ್ತೆರಡು ವರ್ಷ ನಡೆಯುತ್ತದೆ. ಸ್ಟೋರೇಜ್ ತುಂಬಿ ಹ್ಯಾಂಗ್ ಆಗುವ ಫೋನಿಗೆ ರಿಪೇರಿಯೂ ಬೇಡ, ವಾಟ್ಸ್‌ಆ್ಯಪ್ ಗ್ರೂಪುಗಳ ವಿಡಿಯೊ ಅಳಿಸಿದರೆ ಆಯಿತು.

ಡಿಸ್‌ಪ್ಲೇ ವಿಷಯದಲ್ಲಿ ಮಾತ್ರ ನಮ್ಮವರಿಂದಲೂ ತಪ್ಪಾಗುತ್ತಿದೆ. ಕಾಪಿ ಡಿಸ್‌ಪ್ಲೇ ಹಾಕಿ, ಅದು ಕಾಪಿ ಎಂದು ಹೇಳದೆ ಕಳಿಸುತ್ತಾರೆ. ಬಿಸಿಲಲ್ಲಿ ಕಾಣದೆ, ಟಚ್ ತಾನಾಗಿಯೇ ಒತ್ತಿಕೊಂಡಾಗ ಗಿರಾಕಿ ಬೈಯುವುದು ಕಂಪನಿಯನ್ನು. ಒರಿಜಿನಲ್ಲಿಗೆ ಎಷ್ಟು, ಕಾಪಿಗೆ ಎಷ್ಟು ಎಂದು ಎರಡೂ ರೇಟ್ ಹೇಳಿ, ಬಿಲ್ಲಿನಲ್ಲಿ ಬರೆದುಕೊಡಿ. ಎಷ್ಟೋ ಮಾಡೆಲ್‌ಗೆ ಒರಿಜಿನಲ್ ಪಾರ್ಟ್ಸ್ ನಮಗೂ ಸಿಗುವುದಿಲ್ಲ ಎನ್ನುವುದೂ ನಿಜ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಬಂದಿದೆ: ಮಾಡೆಲ್ ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗ ಸಿಗಬೇಕು. 800 ಸಲ ಚಾರ್ಜ್ ಮಾಡಿದ ಮೇಲೂ ಬ್ಯಾಟರಿಯ ಶಕ್ತಿ ಶೇ. 80ರಷ್ಟಾದರೂ ಉಳಿದಿರಬೇಕು. ನಮ್ಮ ದೇಶಕ್ಕೂ ಇಂಥದ್ದೊಂದು ಕಾನೂನು ಬೇಕೇ ಬೇಕು.

ಆ ಅಮ್ಮ ಎರಡು ವಾರ ಬಿಟ್ಟು ಮತ್ತೆ ಬಂದರು. ಮಗ ಕಳಿಸುವ ಫೋನು ಬೇಡ ಅಂದರಂತೆ. ಕೈಚೀಲದಲ್ಲಿ ಪಕ್ಕದ ಮನೆಯವರದೊಂದು, ತಮ್ಮ ವಾರಗಿತ್ತಿಯದೊಂದು ಫೋನಿತ್ತು. ‘ಇವಕ್ಕೂ ಅದನ್ನೇ ಮಾಡಿಕೊಡು ತಮ್ಮಾ’ ಎಂದರು.