ಟೇಪಿನಲ್ಲೇ ಕೋನ ಅಳೆಯಿರಿ

ಪೈಥಾಗೊರಸ್ ಪ್ರಮೇಯ ಅಂದರೆ ತ್ರಿಭುಜದ ಮೂರನೇ ಬದಿ ಹುಡುಕುವ ಲೆಕ್ಕ ಅಂತಲೇ ಹೆಚ್ಚಿನವರ ನೆನಪು. ನನಗೆ ಅದನ್ನು ತಿರುಗಿಸಿ ಹೇಳಿದ ರೂಪವೇ ಜಾಸ್ತಿ ಇಷ್ಟ. ಎರಡು ಬದಿಗಳ ವರ್ಗ ಕೂಡಿಸಿದಾಗ ಮೂರನೆಯದರ ವರ್ಗ ಬಂದರೆ, ಅದರ ಎದುರಿನ ಮೂಲೆ 90 ಡಿಗ್ರಿ ಇರಲೇಬೇಕು. ಬರೀ ಉದ್ದ ಅಳೆದೇ ಕೋನ ಹಿಡಿಯಬಹುದು!

ಪಾಯಕ್ಕೆ ಗುರುತು ಹಾಕುವ ಮೇಸ್ತ್ರಿಗಳು ಮಾಡುವುದು ಇದನ್ನೇ. ಮೂಲೆಯ ಗೂಟದಿಂದ ಒಂದು ದಾರದ ಮೇಲೆ 3 ಮೀಟರಿಗೆ ಗುರುತು, ಇನ್ನೊಂದರ ಮೇಲೆ 4 ಮೀಟರಿಗೆ. ಎರಡೂ ಗುರುತುಗಳ ನಡುವೆ ಟೇಪು ಹಿಡಿದರೆ 5 ಮೀಟರ್ ಬರಬೇಕು. ಜಾಸ್ತಿ ಬಂದರೆ ಮೂಲೆ ಅಗಲವಾಗಿದೆ, ಕಡಿಮೆ ಬಂದರೆ ಕಿರಿದಾಗಿದೆ. ದಾರ ಸರಿಸಿ ಮತ್ತೆ ಅಳೆಯುವುದು, ಅಷ್ಟೇ.

30, 40, 50 ಸೆಂ.ಮೀ. ಅಳೆದರೂ ಅದೇ ಅಲ್ವಾ? ಲೆಕ್ಕಕ್ಕೆ ಅದೇ, ಕೆಲಸಕ್ಕೆ ಅಲ್ಲ. ಮೂಲೆ ಒಂದೇ ಒಂದು ಡಿಗ್ರಿ ತಪ್ಪಿದ್ದರೂ ದೊಡ್ಡ ತ್ರಿಭುಜದ ಉದ್ದ ಬದಿಯಲ್ಲಿ ಸುಮಾರು 4 ಸೆಂ.ಮೀ. ವ್ಯತ್ಯಾಸ ಕಾಣುತ್ತದೆ. ಚಿಕ್ಕದರಲ್ಲಿ ಬರೀ 4 ಮಿ.ಮೀ. ದಾರದ ದಪ್ಪ, ಟೇಪಿನ ಕೊಕ್ಕೆಯ ಅಲುಗಾಟ, ಇವುಗಳ ನಡುವೆ ಅದು ಕಳೆದೇ ಹೋಗಬಹುದು. ಗೋಡೆ 10 ಮೀಟರ್ ಹೋಗುವಷ್ಟರಲ್ಲಿ ಮಾತ್ರ ಅದೇ ಒಂದು ಡಿಗ್ರಿ 17 ಸೆಂ.ಮೀ. ಓರೆಯಾಗಿರುತ್ತದೆ. ಜಾಗ ಇದ್ದರೆ 6, 8, 10 ಮೀಟರೇ ಹಿಡಿಯಿರಿ.

ಈಜಿಪ್ಟಿನವರು 12 ಗಂಟಿನ ಹಗ್ಗ ಹಿಡಿದು ಪಿರಮಿಡ್ಡಿನ ಮೂಲೆ ಕೂರಿಸಿದರು ಅನ್ನುವ ಕಥೆ ಎಲ್ಲೆಲ್ಲೂ ಓಡಾಡುತ್ತದೆ. ಚೆಂದದ ಕಥೆ, ಗಟ್ಟಿ ಪುರಾವೆ ಮಾತ್ರ ಇಲ್ಲ. ಪುರಾವೆ ಬೇಕಿದ್ದರೆ ಬ್ಯಾಬಿಲೋನಿಗೆ ಹೋಗಬೇಕು. ಕ್ರಿ.ಪೂ. 1800ರ ಸುಮಾರಿನ ‘ಪ್ಲಿಂಪ್ಟನ್ 322’ ಎಂಬ ಜೇಡಿಮಣ್ಣಿನ ಫಲಕದ ಮೊದಲ ಸಾಲಿನಲ್ಲಿ 119, 169 ಇವೆ. ಉಳಿದ ಬದಿ 120. ವರ್ಗ ಮಾಡಿ ನೋಡಿ. ನಮ್ಮ ಬೌಧಾಯನ ಶುಲ್ಬಸೂತ್ರವೂ ಯಜ್ಞವೇದಿ ಕಟ್ಟಲು ಇದೇ ನಿಯಮವನ್ನು ಹಗ್ಗದ ಭಾಷೆಯಲ್ಲೇ ಹೇಳುತ್ತದೆ. ಯಾರು ಮೊದಲು ಅಂತ ಸುಮ್ನೆ ಜಗಳವಾಡುವವರು ಒಮ್ಮೆ ಹಗ್ಗ ಹಿಡಿದು ನೋಡಲಿ.

ಕೋಣೆಯ ನಾಲ್ಕೂ ಮೂಲೆ ನೋಡಲು ಎರಡು ಕರ್ಣ ಅಳೆದರೆ ಸಾಕು ಅನ್ನುತ್ತಾರೆ. ಸಾಲದು. ಎದುರುಬದುರು ಗೋಡೆಗಳು ಸಮ ಇವೆಯೇ ಅಂತ ಮೊದಲು ನೋಡಬೇಕು. ಒಂದು ಕಡೆ ಕಿರಿದಾದ ಕೋಣೆಯಲ್ಲೂ ಕರ್ಣಗಳು ಸಮ ಬರಬಹುದು.

ಇನ್ನು ಬೀರು. ಎತ್ತರ 210 ಸೆಂ.ಮೀ., ಆಳ 60. ಚಾವಣಿ 215ರಲ್ಲಿದೆ. ಹಿಡಿಸುತ್ತದೆ ಅನ್ನಿಸುತ್ತದೆ. ಆದರೆ ಮಲಗಿಸಿ ತಂದದ್ದನ್ನು ಎತ್ತಿ ನಿಲ್ಲಿಸುವಾಗ ಅದರ ಪಕ್ಕದ ಹಲಗೆಯ ಕರ್ಣ ನೆಟ್ಟಗಾಗುವ ಒಂದು ಗಳಿಗೆ ಬರುತ್ತದೆ. ಅದು 218 ಸೆಂ.ಮೀ.ಗಿಂತ ಜಾಸ್ತಿ. ಬಿಚ್ಚಿ ತಂದು ಕೋಣೆಯೊಳಗೇ ಜೋಡಿಸಬೇಕು, ಇಲ್ಲವೇ ನಿಲ್ಲಿಸಿಕೊಂಡೇ ಒಳಗೆ ತರುವ ದಾರಿ ನೋಡಬೇಕು.