ನಿಂತ ಜಾವಾಗೆ ಮೊದಲೇ ಕಿಕ್ ಹೊಡೆಯಬೇಡಿ

ಹಿತ್ತಲ ಶೆಡ್‌ನಲ್ಲಿ ಗೋಣಿಚೀಲ ಹೊದ್ದು ಹದಿನೈದಿಪ್ಪತ್ತು ವರ್ಷ ನಿಂತ ಜಾವಾ ಬೈಕೋ ಯೆಜ್ಡಿ ಬೈಕೋ ಹೊರಗೆ ಬಂತು ಅಂದರೆ ಎಲ್ಲರೂ ಮಾಡುವ ಮೊದಲ ಕೆಲಸ ಒಂದೇ. ಕಿಕ್ಕರ್ ಮೇಲೆ ಕಾಲಿಟ್ಟು ಜೋರಾಗಿ ತುಳಿಯುವುದು. ಮೈಸೂರು, ಮಂಡ್ಯ ಕಡೆ ಇಂಥ ಗಾಡಿಗಳು ಇನ್ನೂ ಸಿಗುತ್ತವೆ. ಹಾಲಿನ ಕ್ಯಾನು ಹೊತ್ತು, ಹುಲ್ಲಿನ ಹೊರೆ ಹೊತ್ತು ದುಡಿದವು. ಎಂಜಿನ್ ಹಾಳಾಗಿ ಮೂಲೆ ಸೇರಿದವು ಕಡಿಮೆ. ಮಗ ಹೊಸ ಬೈಕ್ ತಂದ ಅಂತ ಮೂಲೆ ಸೇರಿದವೇ ಜಾಸ್ತಿ. ಹಾಗಾಗಿ ‘ಆಗ ಚೆನ್ನಾಗಿತ್ತು, ಈಗಲೂ ಎರಡು ಕಿಕ್‌ಗೆ ಎದ್ದೇಳುತ್ತೆ’ ಎಂದು ಮನೆಯವರು ನಂಬಿರುತ್ತಾರೆ.

ಚೆನ್ನಾಗಿದ್ದದ್ದು ನಿಲ್ಲಿಸಿದ ದಿನ. ಗಾಡಿ ಓಡುವಾಗ ಸವೆಯುತ್ತದೆ, ನಿಜ. ಆದರೆ ಓಡುವಾಗ ಎಣ್ಣೆ ಹರಿಯುತ್ತದೆ, ಬಿಸಿಗೆ ತೇವ ಆರುತ್ತದೆ, ಪೆಟ್ರೋಲ್ ಹೊಸದಾಗುತ್ತಲೇ ಇರುತ್ತದೆ. ನಿಂತ ಮೇಲೆ ಇವೆಲ್ಲ ನಿಂತು, ಗಾಳಿ, ನೀರು ಮತ್ತು ಲೋಹದ ನಡುವಿನ ರಾಸಾಯನಿಕ ಕ್ರಿಯೆ ಮಾತ್ರ ನಡೆಯುತ್ತಿರುತ್ತದೆ. ಮಳೆಗಾಲದಲ್ಲಿ ಅದಕ್ಕೆ ಇನ್ನಷ್ಟು ಚುರುಕು.

ಸಿಲಿಂಡರ್ ಒಳಗಿನ ಗೋಡೆ ಎರಕದ ಕಬ್ಬಿಣದ್ದು. ಪಿಸ್ಟನ್ ಅಲ್ಯೂಮಿನಿಯಂನದು. ಅದರ ರಿಂಗುಗಳು ಕಬ್ಬಿಣದವು. ಪಿಸ್ಟನ್ ಎಲ್ಲಿ ನಿಂತಿದೆಯೋ ಅಲ್ಲಿ ರಿಂಗೂ ಗೋಡೆಯೂ ಸೇರಿ ತುಕ್ಕು ಹಿಡಿಯುತ್ತವೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ತೆಗೆದುಕೊಳ್ಳುತ್ತದೆ. ಕೂದಲೆಳೆಯಷ್ಟು ಸಂದಿಯಲ್ಲಿ ಅದು ಉಬ್ಬಿದರೆ ಎಂಜಿನ್ ಜಾಮ್. ಅರ್ಧ ಜಾಮ್ ಆದ ಎಂಜಿನ್‌ಗೆ ಕಿಕ್ ಹೊಡೆದರೆ ತುಕ್ಕಿನ ಪುಡಿ ಉಪ್ಪುಕಾಗದದ ಕೆಲಸ ಮಾಡುತ್ತದೆ. ಜಾವಾದ್ದು ಟೂ ಸ್ಟ್ರೋಕ್ ಎಂಜಿನ್, ಅಂದರೆ ಪಿಸ್ಟನ್ ಒಮ್ಮೆ ಏರಿ ಇಳಿಯುವಷ್ಟರಲ್ಲಿ ಒಂದು ಸುತ್ತಿನ ಕೆಲಸ ಮುಗಿಸುವಂಥದ್ದು. ಅದರಲ್ಲಿ ಇನ್ನೊಂದು ಅಪಾಯವೂ ಇದೆ. ಸಿಲಿಂಡರ್ ಗೋಡೆಯಲ್ಲಿ ಹೊಗೆ ಹೋಗಲು, ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಬರಲು ಕಿಟಕಿಗಳಿವೆ. ಅಂಟಿಕೊಂಡ ರಿಂಗು ಆ ಕಿಟಕಿಯ ಅಂಚಿಗೆ ಸಿಕ್ಕಿದರೆ ಮುರಿಯುತ್ತದೆ.

ಆದ್ದರಿಂದ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ. ಆ ತೂತಿನಿಂದ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಸುರಿದು ಕೆಲವು ದಿನ ಬಿಡಿ. ಆಮೇಲೂ ಕಿಕ್ಕರ್ ಬೇಡ. ಗೇರ್ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿ. ಒಂದು ಕೂದಲಷ್ಟು ಅಲುಗಿದರೂ ಅರ್ಧ ಕೆಲಸ ಆದಂತೆ. ಸೈಲೆನ್ಸರ್ ಒಳಗೂ ಒಮ್ಮೆ ಇಣುಕಿ ನೋಡಿ. ಕಣಜ ಅಲ್ಲಿ ಮಣ್ಣಿನ ಗೂಡು ಕಟ್ಟಿರುವುದು ಅಪರೂಪವೇನಲ್ಲ.

ಈ ಗಾಡಿಗಳು ಇಲ್ಲಿಯವೇ ಅನ್ನುವುದನ್ನೂ ಹೇಳಬೇಕು. ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿತ್ತು. 1961ರಲ್ಲಿ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. ಮೊದಮೊದಲು ಚೆಕೊಸ್ಲೊವಾಕಿಯಾದಿಂದ ಬಂದ ಬಿಡಿಭಾಗಗಳನ್ನು ಜೋಡಿಸುತ್ತಿದ್ದರು. ಆಮೇಲೆ ಇಲ್ಲೇ ತಯಾರಿಸತೊಡಗಿದರು. 1970ರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್. ಇಂಥ ವಿಚಿತ್ರ ಜಾಣತನ ಬೇರೆ ಗಾಡಿಗಳಲ್ಲಿ ಕಾಣುವುದು ಅಪರೂಪ. ಕಾರ್ಖಾನೆ ಹೋದರೂ ಅದರ ಎಂಜಿನ್ ಬಲ್ಲ ಕೈಗಳು ಊರಲ್ಲಿ ಉಳಿದವು. ನನ್ನ ಲೆಕ್ಕದಲ್ಲಿ ಅದೇ ದೊಡ್ಡ ಆಸ್ತಿ.

ಈಗ ಟ್ಯಾಂಕಿಗೆ ಬರೋಣ. ಅರ್ಧ ಖಾಲಿ ಇರುವ ಟ್ಯಾಂಕ್ ದಿನಾ ಉಸಿರಾಡುತ್ತದೆ. ಹಗಲಲ್ಲಿ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಮುಚ್ಚಳದ ತೂತಿನಿಂದ ಹೊರಹೋಗುತ್ತದೆ. ರಾತ್ರಿ ತಣ್ಣಗಾದಾಗ ಹೊರಗಿನ ತೇವದ ಗಾಳಿ ಒಳಬರುತ್ತದೆ. ತಣ್ಣನೆ ತಗಡಿನ ಮೇಲೆ ಆ ತೇವ ಹನಿಯಾಗಿ ಕೂರುತ್ತದೆ. ವರ್ಷಗಟ್ಟಲೆ ಹೀಗೆ ಆದರೆ ಟ್ಯಾಂಕಿನೊಳಗೆ ಕೆಂಪು ಚಕ್ಕೆ ಏಳುತ್ತದೆ. ಜಲ್ಲಿ ಹಾಕಿ ಕುಲುಕುವವರಿದ್ದಾರೆ. ಮೂಲೆಯ ತುಕ್ಕು ಅದಕ್ಕೆ ಬಗ್ಗುವುದಿಲ್ಲ. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ, ನಿಂಬೆಯ ಸಿಟ್ರಿಕ್ ಆಮ್ಲ ಎರಡೂ ತುಕ್ಕನ್ನು ಕರಗಿಸುತ್ತವೆ. ಆದರೆ ಜಾಸ್ತಿ ಹೊತ್ತು ಬಿಟ್ಟರೆ ಒಳ್ಳೆ ಕಬ್ಬಿಣವನ್ನೂ ಬಿಡುವುದಿಲ್ಲ.

ನನಗೆ ಇಷ್ಟವಾದ ದಾರಿ ವಿದ್ಯುತ್ತಿನದು. ಟ್ಯಾಂಕನ್ನು ಚೆನ್ನಾಗಿ ತೊಳೆದು ಪೆಟ್ರೋಲಿನ ವಾಸನೆಯೇ ಇಲ್ಲದಂತೆ ಮಾಡಿ. ನೀರು ತುಂಬಿಸಿ, ಲೀಟರಿಗೆ ಒಂದು ಚಮಚದ ಲೆಕ್ಕದಲ್ಲಿ ವಾಷಿಂಗ್ ಸೋಡಾ ಹಾಕಿ. ಬಾಯಿಯಿಂದ ಒಂದು ಕಬ್ಬಿಣದ ಸರಳು ಇಳಿಬಿಡಿ. ಅದು ಟ್ಯಾಂಕಿಗೆ ತಾಗಬಾರದು. ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿ ಟ್ಯಾಂಕಿಗೆ, ಪಾಸಿಟಿವ್ ಸರಳಿಗೆ. ತುಕ್ಕು ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ. ಚಾರ್ಜರ್ ಆ ಎಲೆಕ್ಟ್ರಾನ್‌ಗಳನ್ನು ಟ್ಯಾಂಕಿಗೆ ಹಿಂದಕ್ಕೆ ದೂಡುತ್ತದೆ. ಗಟ್ಟಿ ಕೆಂಪು ತುಕ್ಕು ಸಡಿಲವಾದ ಕಪ್ಪು ಪುಡಿಯಾಗಿ ಉದುರುತ್ತದೆ. ಒಳ್ಳೆ ಕಬ್ಬಿಣ ಹಾಗೇ ಉಳಿಯುತ್ತದೆ. ಈ ಕೆಲಸದಲ್ಲಿ ಹೈಡ್ರೋಜನ್ ಹೊರಬರುವುದರಿಂದ ಬಯಲಲ್ಲೇ ಮಾಡಬೇಕು, ಹತ್ತಿರ ಬೀಡಿ ಹಚ್ಚಬಾರದು. ಸೋಡಾ ಬದಲು ಉಪ್ಪು ಹಾಕಬೇಡಿ, ಕ್ಲೋರಿನ್ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸರಳು ಬೇಡವೇ ಬೇಡ. ಅದರೊಳಗಿನ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಇಳಿಯುತ್ತದೆ.

ಹಳೆ ಪೆಟ್ರೋಲಿನ ಕಥೆಯೇ ಬೇರೆ. ಅದರಲ್ಲಿ ಬೇಗ ಆವಿಯಾಗುವ ಹಗುರ ಅಂಶಗಳು ಮೊದಲು ಹಾರಿಹೋಗುತ್ತವೆ. ಎಂಜಿನ್ ತಣ್ಣಗಿರುವಾಗ ಹೊತ್ತಿಸುವುದೇ ಅವು. ಉಳಿದದ್ದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಹಲಸಿನ ಮೇಣದಂಥ ಅಂಟಾಗುತ್ತದೆ. ಅದು ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರಿನ ಜೆಟ್‌ಗಳಲ್ಲಿ ಕೂರುತ್ತದೆ. ಜೆಟ್ ಅಂದರೆ ಒಂದು ಮಿಲಿಮೀಟರ್ ಆಸುಪಾಸಿನ ತೂತು, ಇಲ್ಲವೇ ಅದಕ್ಕಿಂತ ಸಣ್ಣದು. ತಂತಿ ತೂರಿಸಿ ಬಿಡಿಸುವುದು ನಮ್ಮಲ್ಲಿ ಹಳೆ ಚಾಳಿ. ದಯವಿಟ್ಟು ಬಿಟ್ಟುಬಿಡಿ. ತೂತಿನ ವ್ಯಾಸ ನೂರಕ್ಕೆ ನಾಲ್ಕು ಹೆಚ್ಚಾದರೆ ಅದರ ವಿಸ್ತೀರ್ಣ ನೂರಕ್ಕೆ ಎಂಟು ಹೆಚ್ಚುತ್ತದೆ. ಒಂದು ಮಿಲಿಮೀಟರ್ ತೂತಿನಲ್ಲಿ ಅದು ಬರೀ 0.04 ಮಿಲಿಮೀಟರ್. ಕಬ್ಬಿಣದ ತಂತಿ ಅಷ್ಟು ಕೆರೆದರೆ ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಕ್ಲೀನರ್‌ನಲ್ಲಿ ನೆನೆಸಿ ಗಾಳಿ ಹೊಡೆಯುವುದೇ ಸರಿ.

ಇಷ್ಟಾದ ಮೇಲೆ ಗಾಡಿ ಸ್ಟಾರ್ಟ್ ಆಗಿಬಿಡಬಹುದು. ನಿಜವಾದ ಮೋಸ ಇಲ್ಲಿದೆ. ಸ್ಟಾರ್ಟ್ ಆಗುವುದೇ ಬೇರೆ, ಸರಿಯಾಗಿ ಓಡುವುದೇ ಬೇರೆ.

ಪಿಸ್ಟನ್ನಿನ ಏರಿಳಿತವನ್ನು ತಿರುಗಾಟ ಮಾಡುವುದು ಕ್ರ್ಯಾಂಕ್. ಟೂ ಸ್ಟ್ರೋಕ್‌ನಲ್ಲಿ ಅದು ತಿರುಗುವ ಕೋಣೆಯೇ ಪಂಪು. ಪಿಸ್ಟನ್ ಮೇಲೇರಿದಾಗ ಕಾರ್ಬೊರೇಟರಿನಿಂದ ಮಿಶ್ರಣ ಈ ಕೋಣೆಗೆ ಬರುತ್ತದೆ. ಇಳಿದಾಗ ಅಲ್ಲಿಂದ ಮೇಲಕ್ಕೆ ತಳ್ಳಿಸಿಕೊಳ್ಳುತ್ತದೆ. ಕೋಣೆ ಗಾಳಿಯಾಡದಂತೆ ಇರಬೇಕಾದ್ದು ಎರಡು ಬದಿಯ ಆಯಿಲ್ ಸೀಲ್‌ಗಳಿಂದ. ರಬ್ಬರ್ ವರ್ಷಗಳಲ್ಲಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಕ್ಲಚ್ ಬದಿಯ ಸೀಲ್ ಹೋದರೆ ಗೇರ್ ಆಯಿಲ್ ಒಳಕ್ಕೆ ಎಳೆದುಕೊಂಡು ಹೊಗೆಯೋ ಹೊಗೆ. ಅದು ಕಣ್ಣಿಗೆ ಕಾಣುತ್ತದೆ, ವಾಸಿ. ಡೈನಮೋ ಬದಿಯದು ಹೋದರೆ ಬರೀ ಗಾಳಿ ಎಳೆಯುತ್ತದೆ. ಅದು ಕಾಣುವುದಿಲ್ಲ. ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗುತ್ತದೆ. ಪೆಟ್ರೋಲ್ ಆವಿಯಾಗುವಾಗ ಎಂಜಿನ್ನಿನ ಬಿಸಿ ಹೀರಿಕೊಳ್ಳುತ್ತದಲ್ವಾ, ಆ ತಂಪು ತಪ್ಪುತ್ತದೆ. ಎಣ್ಣೆಯೂ ಪೆಟ್ರೋಲಿನ ಜೊತೆಗೇ ಬರಬೇಕಾದ್ದರಿಂದ ಅದೂ ಕಡಿಮೆ.

ಆಮೇಲೆ ಲೆಕ್ಕ ಸರಳ. ಹಳೆ 250 ಸಿಸಿ ಜಾವಾದ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 65 ಮಿಲಿಮೀಟರ್. ನೂರು ಡಿಗ್ರಿ ಬಿಸಿ ಹೆಚ್ಚಾದರೆ ಅಷ್ಟಗಲದ ಅಲ್ಯೂಮಿನಿಯಂ ಸುಮಾರು 0.15 ಮಿಲಿಮೀಟರ್ ಹಿಗ್ಗುತ್ತದೆ. ಎರಕದ ಕಬ್ಬಿಣ ಅದರ ಅರ್ಧದಷ್ಟು. ಪಿಸ್ಟನ್ ಗೋಡೆಗಿಂತ ಜಾಸ್ತಿ ಬಿಸಿಯೂ ಆಗುತ್ತದೆ. ನಡುವಿನ ಸಂದಿ ಮುಗಿದುಹೋದ ಕ್ಷಣ ಹಿಂದಿನ ಚಕ್ರ ಕಿರ್ರಂತ ಹಿಡಿದುಕೊಳ್ಳುತ್ತದೆ. ಮೆಕ್ಯಾನಿಕ್‌ಗಳು ‘ಸೀಜ್ ಆಯ್ತು’ ಅನ್ನುವುದು ಇದನ್ನೇ. ಲೇತ್ ಅಂಗಡಿಗೆ ಹೋಗಿ ಬೋರ್ ಹೊಡೆಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕು.

ಸೀಲ್ ಸರಿ ಇದೆಯಾ ಅಂತ ನೋಡಲು ಎಂಜಿನ್ ಬಿಚ್ಚಬೇಕಿಲ್ಲ. ಕಾರ್ಬೊರೇಟರ್, ಸೈಲೆನ್ಸರ್ ಬಾಯಿಗಳನ್ನು ರಬ್ಬರಿನಿಂದ ಮುಚ್ಚಿ, ಪ್ಲಗ್ ತೂತಿಗೆ ಕೊಳವೆ ಕೂರಿಸಿ, ಬಿಪಿ ನೋಡುವ ಸಾಧನದ ಬಲ್ಬಿನಿಂದ ಗಾಳಿ ಒತ್ತಿ. ಮಾಪಕ 300 ತೋರಿಸಿದರೆ ಅದು ವಾತಾವರಣದ ಒತ್ತಡದ ಸುಮಾರು ನೂರಕ್ಕೆ ನಲವತ್ತು. ಕೆಲವು ನಿಮಿಷ ಮುಳ್ಳು ಹೆಚ್ಚು ಇಳಿಯದಿದ್ದರೆ ಪರವಾಗಿಲ್ಲ. ಇಳಿದರೆ ಸೋಪಿನ ನೊರೆ ಹಚ್ಚಿ ಎಲ್ಲಿ ಗುಳ್ಳೆ ಏಳುತ್ತದೋ ನೋಡಿ. ಸೀಲ್‌ಗಳ ಬೆಲೆ ಕಡಿಮೆ, ಬೋರ್ ಕೆಲಸದ್ದು ಜಾಸ್ತಿ. ನಾನಾದರೆ ಪರೀಕ್ಷೆ ಏನೇ ಹೇಳಲಿ, ದಶಕಗಟ್ಟಲೆ ನಿಂತ ಗಾಡಿಗೆ ಹೊಸ ಸೀಲ್ ಹಾಕಿಯೇ ಮುಂದಕ್ಕೆ ಹೋಗುತ್ತೇನೆ.

ಎಂಜಿನ್ ಓಡುತ್ತಿದೆ, ಆದರೂ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ. ಡೈನಮೋ ಸುಟ್ಟಿದೆ ಅಂತ ಹಲವರು ಇಲ್ಲಿ ಎಸೆದುಬಿಡುತ್ತಾರೆ. ಈ ಡೈನಮೋದಲ್ಲಿ ಶಾಶ್ವತ ಅಯಸ್ಕಾಂತ ಇಲ್ಲ. ತಾನೇ ಹುಟ್ಟಿಸಿದ ಕರೆಂಟಿನಿಂದ ತನ್ನ ಸುರುಳಿಗಳನ್ನು ಅಯಸ್ಕಾಂತ ಮಾಡಿಕೊಳ್ಳುತ್ತದೆ. ಹಾಗಾದರೆ ಮೊದಲ ಕರೆಂಟು ಎಲ್ಲಿಂದ? ಹಿಂದಿನ ಓಟದಲ್ಲಿ ಕಬ್ಬಿಣದೊಳಗೆ ಉಳಿದುಕೊಂಡ ಚೂರು ಕಾಂತತ್ವದಿಂದ. ವರ್ಷಗಟ್ಟಲೆ ನಿಂತರೆ ಅದೂ ಅಳಿಯಬಹುದು. ಆಗ ಫೀಲ್ಡ್ ಸುರುಳಿಗೆ ಸರಿಯಾದ ದಿಕ್ಕಿನಲ್ಲಿ ಒಂದೆರಡು ಕ್ಷಣ ಬ್ಯಾಟರಿ ಮುಟ್ಟಿಸಿದರೆ ಸಾಕು, ಸತ್ತಂತಿದ್ದ ಡೈನಮೋ ಕೆಲಸ ಶುರು ಮಾಡುತ್ತದೆ. ಪಾಯಿಂಟ್ ಉಜ್ಜುವುದು, ಕಂಡೆನ್ಸರ್ ಬದಲಿಸುವುದು ಎಲ್ಲ ಮೆಕ್ಯಾನಿಕ್‌ಗೂ ಗೊತ್ತಿರುವ ಕೆಲಸ, ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಆದರೆ ‘ಜಾವಾ ಲೈಟು ಮಿಣುಕು ಹುಳ’ ಅನ್ನುವ ದೂರಿಗೆ ಉತ್ತರ ಹೇಳಲೇಬೇಕು. ಆರು ವೋಲ್ಟಿನಲ್ಲಿ 35 ವಾಟ್ ಬಲ್ಬು ಸುಮಾರು ಆರು ಆಂಪಿಯರ್ ಎಳೆಯುತ್ತದೆ. ತುಕ್ಕು ಹಿಡಿದ ಒಂದು ಅರ್ಥ್ ಬೋಲ್ಟಿನಲ್ಲಿ 0.1 ಓಮ್ ತಡೆ ಇದ್ದರೆ 0.6 ವೋಲ್ಟ್ ಅಲ್ಲೇ ಹೋಯಿತು. ಅಂದರೆ ಹತ್ತರಲ್ಲೊಂದು ಪಾಲು. ತಂತಿ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಕುಸಿಯುತ್ತದೆ. ವೋಲ್ಟೇಜ್ ಶೇ. 10 ಇಳಿದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ. ಕಾರ್ ಬಲ್ಬು ಹುಡುಕುವ ಮುಂಚೆ ಚಾಸಿಸ್‌ಗೆ ಅರ್ಥ್ ಆಗುವ ಕಡೆಯ ಬಣ್ಣ, ತುಕ್ಕು ಕೆರೆದು ನೋಡಿ.

ಸದ್ದು ಬರಲಿ ಅಂತ ಸೈಲೆನ್ಸರ್ ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ಕಿತ್ತು ಬಿಸಾಡುವವರ ಬಗ್ಗೆ ನನಗೆ ತಾಳ್ಮೆ ಕಡಿಮೆ. ಟೂ ಸ್ಟ್ರೋಕ್‌ನಲ್ಲಿ ಹೊಗೆ ಹೋಗುವ ಕಿಟಕಿ ತೆರೆದಿರುವಾಗಲೇ ಹೊಸ ಮಿಶ್ರಣ ಬರುತ್ತದೆ. ಒಂದಷ್ಟು ಸುಡದೆ ಹೊರಕ್ಕೆ ಓಡಿಹೋಗುತ್ತದೆ. ಸೈಲೆನ್ಸರಿನಿಂದ ಮರಳುವ ಒತ್ತಡದ ಅಲೆ ಅದನ್ನು ಸ್ವಲ್ಪ ತಡೆಯುತ್ತದೆ. ಒಳಗಿನ ಆಕಾರ ಬದಲಿಸಿದರೆ ಅಲೆ ಬರುವ ಹೊತ್ತೂ ಬದಲಾಗುತ್ತದೆ. ಸದ್ದು ಹೆಚ್ಚಿ ಮೈಲೇಜೂ ಎಳೆತವೂ ಇಳಿಯುತ್ತವೆ. ಬ್ಯಾಫಲ್ ಮೇಲಿನ ಮಸಿ ಕೆರೆದು ವಾಪಸ್ ಹಾಕಿ, ಅಷ್ಟೇ.

ಕೊನೆಗೆ ಬಂಕಿನ ಪೆಟ್ರೋಲು. ಕೆ.ಆರ್.ಎಸ್. ನಾಲೆಯ ನೀರಿಗೆ ಬೆಳೆದ ಕಬ್ಬು, 1933ರಲ್ಲಿ ಹುಟ್ಟಿದ ಮೈಷುಗರ್ ಸಕ್ಕರೆ ಕಂಪನಿ, ಇವು ಮಂಡ್ಯವನ್ನು ಸಕ್ಕರೆ ನಾಡು ಮಾಡಿದವು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಎಥೆನಾಲ್ ಮಾಡಬಹುದು. ದೇಶದಲ್ಲಿ ಕಬ್ಬಿನ ಹಾಲು, ಅಕ್ಕಿ, ಮೆಕ್ಕೆಜೋಳದಿಂದಲೂ ಮಾಡುತ್ತಾರೆ. ಶೇ. 20 ಎಥೆನಾಲ್ ಇರುವ ಪೆಟ್ರೋಲ್ 2023ರಲ್ಲಿ ಮಾರಾಟಕ್ಕೆ ಬಂತು. ಈಗ ಬಂಕುಗಳಲ್ಲಿ ಅದೇ ಸಾಮಾನ್ಯ. ರೈತರಿಗೆ ಇದರಿಂದ ಒಳ್ಳೆಯದಾದರೆ ನನ್ನ ತಕರಾರಿಲ್ಲ. ಆದರೆ ಯಾದವಗಿರಿಯ ಎಂಜಿನ್ ಈ ಇಂಧನಕ್ಕೆ ಹುಟ್ಟಿದ್ದಲ್ಲ.

ಒಂದು ಕಿಲೋ ಪೆಟ್ರೋಲ್ ಪೂರ್ತಿ ಸುಡಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲ್‌ಗೆ 9 ಸಾಕು. ಶೇ. 20ರ ಮಿಶ್ರಣಕ್ಕೆ ಸುಮಾರು 13.5. ಅಂದರೆ ಅದೇ ಗಾಳಿಗೆ ಶೇ. 8ರಷ್ಟು ಜಾಸ್ತಿ ಇಂಧನ ಬೇಕು. ಹೊಸ ಬೈಕಿನಲ್ಲಿ ಸೆನ್ಸರ್ ನೋಡಿ ಸರಿಮಾಡುತ್ತದೆ. ಹಳೆ ಕಾರ್ಬೊರೇಟರ್‌ಗೆ ಇದು ಗೊತ್ತಾಗುವುದಿಲ್ಲ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ ಇರುವುದರಿಂದ ಇಲ್ಲಿ ಗಾಳಿ ಶೇ. 7ರಷ್ಟು ತೆಳು. ಅದರಿಂದ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಸ್ವಲ್ಪ ಹೆಚ್ಚುತ್ತದೆ, ಆದರೆ ಆ ಕೊರತೆಯ ಅರ್ಧವನ್ನೂ ತುಂಬುವುದಿಲ್ಲ. ಉಳಿದದ್ದಕ್ಕೆ ಒಂದು ಸೈಜ್ ದೊಡ್ಡ ಮೇನ್ ಜೆಟ್ ಹಾಕಬೇಕು. ಸರಿಯಾಯಿತಾ ಅಂತ ನೋಡಲು ಚಾಮುಂಡಿ ಬೆಟ್ಟದ ರಸ್ತೆ ಇದೆ. ಏರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು, ಹಾಗೇ ಎಂಜಿನ್ ಆಫ್ ಮಾಡಿ, ಬದಿಗೆ ನಿಲ್ಲಿಸಿ ಪ್ಲಗ್ ಬಿಚ್ಚಿ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದು. ಕಾಫಿಪುಡಿ ಬಣ್ಣ ಇದ್ದರೆ ಸರಿ.

ಎಥೆನಾಲ್‌ನ ಇನ್ನೊಂದು ಗುಣ ಟೂ ಸ್ಟ್ರೋಕ್‌ಗೆ ಹೆಚ್ಚು ಅಪಾಯ. ಅದು ನೀರನ್ನು ಎಳೆದುಕೊಳ್ಳುತ್ತದೆ. ನೀರು ಒಂದು ಮಿತಿ ಮೀರಿದರೆ ಎಥೆನಾಲ್ ಪೆಟ್ರೋಲಿನ ಕೈಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ನಾವು ಪೆಟ್ರೋಲಿಗೆ ಬೆರೆಸಿದ 2ಟಿ ಆಯಿಲ್, ಅಂದರೆ ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ, ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಕಾಕ್, ಅಂದರೆ ಪೆಟ್ರೋಲ್ ಬಿಡುವ ನಲ್ಲಿ, ಎಳೆಯುವುದು ತಳದಿಂದ. ಅಂದರೆ ಎಂಜಿನ್‌ಗೆ ಮೊದಲು ಹೋಗುವುದು ಎಣ್ಣೆಯೇ ಇಲ್ಲದ ಪದರ. ಹಾಗಾಗಿ ಒಂದು ತಿಂಗಳಿಗಿಂತ ಜಾಸ್ತಿ ಗಾಡಿ ತೆಗೆಯುವುದಿಲ್ಲ ಅಂದರೆ ಟ್ಯಾಂಕ್ ಖಾಲಿ ಮಾಡಿ, ಒಳಗೆ ಸ್ವಲ್ಪ 2ಟಿ ಆಯಿಲ್ ಸುರಿದು ಎಲ್ಲ ಕಡೆ ತಾಗುವಂತೆ ಅಲುಗಿಸಿ. ದಿನಾ ಓಡಿಸುವವರೂ ಮನೆಗೆ ಬರುವ ಮುಂಚೆ, ಬೀದಿಯ ತಿರುವಿನಲ್ಲೇ ಕಾಕ್ ಮುಚ್ಚಿಬಿಡಿ. ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲ್ ಗೇಟಿನ ತನಕ ಸಾಕು.