ಹಾವುಮೀನಿನಿಂದ ಲಾಬ್‌ಸ್ಟರ್‌ವರೆಗೆ: ನೋವಾ ಸ್ಕೋಶಿಯಾದ ಕಡಲ ಜಗಳದ ಹಿನ್ನೆಲೆ

ಕೆನಡಾದ ಪೂರ್ವ ಕರಾವಳಿಯ ನೋವಾ ಸ್ಕೋಶಿಯಾದಲ್ಲಿ ಲಾಬ್‌ಸ್ಟರ್ ಎಂಬ ಸಿಗಡಿಯಂಥ ದೊಡ್ಡ ಕಡಲಜೀವಿಯನ್ನು ಹಿಡಿಯುವವರ ಜಗಳ ಆಗಾಗ ಸುದ್ದಿಯಾಗುತ್ತದೆ. ಬೋನಿನ ಹಗ್ಗ ಕತ್ತರಿಸಿದರು, ದೋಣಿ ಸುಟ್ಟರು, ಪೊಲೀಸರು ಬಂದರು. ಇಷ್ಟೇ ಓದಿದರೆ ಎರಡು ಗುಂಪುಗಳ ಹೊಡೆದಾಟ ಅನ್ನಿಸುತ್ತದೆ. ಆದರೆ ಇದರ ಬೇರು 1760ರ ಒಪ್ಪಂದದಲ್ಲಿದೆ. ಲಾಬ್‌ಸ್ಟರ್‌ಗೆ ಸಂಬಂಧವೇ ಇಲ್ಲದ ಹಾವುಮೀನಿನ ಕೇಸೊಂದು ನಡುವೆ ಬರುತ್ತದೆ.

ಮೊದಲು ಸೀಸನ್ನಿನ ವಿಷಯ. ಲಾಬ್‌ಸ್ಟರನ್ನು ಅಲ್ಲಿ ಬಲೆ ಬೀಸಿ ಹಿಡಿಯುವುದಿಲ್ಲ. ಮೀನಿನ ತುಂಡು ಇಟ್ಟ ಬೋನನ್ನು ಕಡಲ ತಳಕ್ಕೆ ಇಳಿಸುತ್ತಾರೆ. ಅಲ್ಲಿನ ಬೇಸಿಗೆಯಲ್ಲಿ, ಅಂದರೆ ಜೂನ್ ನಂತರದ ತಿಂಗಳುಗಳಲ್ಲಿ, ಅದು ಚಿಪ್ಪು ಕಳಚುವುದರಿಂದ ಮೈ ಮೆತ್ತಗಿರುತ್ತದೆ, ಮಾಂಸವೂ ಕಡಿಮೆ. ಹಾಗಾಗಿ ನೈರುತ್ಯ ಭಾಗದಲ್ಲಿ ನವೆಂಬರ್ ಕೊನೆಯ ಸೋಮವಾರದಿಂದ ಮೇ ಕೊನೆಯವರೆಗೆ ಮಾತ್ರ ಹಿಡಿಯಬಹುದು. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ಬೋಟುಗಳು ದಕ್ಕೆಯಲ್ಲೇ ನಿಲ್ಲುತ್ತವಲ್ಲ, ಅದೇ ರೀತಿ.

1760-61ರಲ್ಲಿ ಬ್ರಿಟಿಷರು ಅಲ್ಲಿನ ಮೂಲನಿವಾಸಿ ಮಿಕ್‌ಮಾ ಜನರ ಜೊತೆ ಶಾಂತಿ ಒಪ್ಪಂದಗಳನ್ನು ಮಾಡಿಕೊಂಡರು. ಆಮೇಲೆ ಇನ್ನೂರು ವರ್ಷಗಳಲ್ಲಿ ಕಡಲು ಲೈಸೆನ್ಸ್ ಇದ್ದವರದ್ದಾಯಿತು. ಬಡವರ ಊಟವಾಗಿದ್ದ ಲಾಬ್‌ಸ್ಟರ್ ದುಬಾರಿ ಹೋಟೆಲಿನ ತಟ್ಟೆಗೆ ಹೋಯಿತು. ಮಿಕ್‌ಮಾ ಜನ ದಡದಲ್ಲೇ ಉಳಿದರು.

1993ರ ಆಗಸ್ಟ್‌ನಲ್ಲಿ ಡೊನಾಲ್ಡ್ ಮಾರ್ಷಲ್ ಜೂನಿಯರ್ ಎಂಬ ಮಿಕ್‌ಮಾ ವ್ಯಕ್ತಿ ಪೊಂಕೆಟ್ ಹಾರ್ಬರ್‌ನಲ್ಲಿ 463 ಪೌಂಡ್ ಹಾವುಮೀನು ಹಿಡಿದು 787 ಡಾಲರ್ 10 ಸೆಂಟ್‌ಗೆ ಮಾರಿದರು. ಸೀಸನ್ ಅಲ್ಲ, ಲೈಸೆನ್ಸ್ ಇಲ್ಲ ಎಂದು ಕೇಸು ಬಿತ್ತು. ಮಾರ್ಷಲ್‌ಗೆ ಕೋರ್ಟ್ ಹೊಸದಲ್ಲ. 1971ರಲ್ಲಿ, 17ನೇ ವಯಸ್ಸಿನಲ್ಲಿ, ತಾವು ಮಾಡದ ಕೊಲೆಗೆ ಜೈಲು ಸೇರಿ 11 ವರ್ಷ ಕಳೆದವರು ಅವರು. ನಿರ್ದೋಷಿ ಎಂದು ತೀರ್ಪು ಬಂದದ್ದು 1983ರಲ್ಲಿ. ಅಂಥ ಮನುಷ್ಯ ಮತ್ತೆ ಕಟಕಟೆ ಹತ್ತಿ, ಈ ಸಲ ಇಡೀ ಜನಾಂಗದ ಹಕ್ಕಿಗಾಗಿ ಆರು ವರ್ಷ ನಿಂತರು. ಇದನ್ನು ಓದುವಾಗಲೆಲ್ಲ ನನಗೆ ಮನಸ್ಸು ಭಾರವಾಗುತ್ತದೆ.

ವಾದ ನಡೆದದ್ದು ಹಳೆಯ ಒಪ್ಪಂದದ ಒಂದು ಸಾಲಿನ ಮೇಲೆ. ಮಿಕ್‌ಮಾ ಜನ ಬ್ರಿಟಿಷರ ವ್ಯಾಪಾರದ ಮಳಿಗೆಗಳಲ್ಲಿ ಬಿಟ್ಟು ಬೇರೆಲ್ಲೂ ಸರಕು ಮಾರಬಾರದು ಎಂದು ಅದರಲ್ಲಿತ್ತು. ಮೇಲ್ನೋಟಕ್ಕೆ ಅದು ನಿರ್ಬಂಧ. ಆದರೆ ಮಾರಲು ಮಳಿಗೆ ತೋರಿಸಿದ ಮೇಲೆ, ಮಾರುವ ಸರಕನ್ನು ಬೇಟೆಯಾಡಿ, ಮೀನು ಹಿಡಿದು ತರುವ ಹಕ್ಕನ್ನೂ ಕೊಟ್ಟಂತೆಯೇ ಅಲ್ವಾ? 1999ರ ಸೆಪ್ಟೆಂಬರ್ 17ರಂದು ಕೆನಡಾದ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿ ಮಾರ್ಷಲ್‌ರನ್ನು ಬಿಡುಗಡೆ ಮಾಡಿತು. ಜೊತೆಗೆ ಒಂದು ಮಿತಿ ಹಾಕಿತು. ಈ ಹಕ್ಕು ‘ಸಾಧಾರಣ ಜೀವನೋಪಾಯ’ಕ್ಕೆ ಮಾತ್ರ. ಊಟ, ಬಟ್ಟೆ, ಮನೆ, ಒಂದಿಷ್ಟು ಸೌಕರ್ಯಕ್ಕೆ ಸಾಕಾಗುವಷ್ಟು. ಸಂಪತ್ತು ಕೂಡಿಡಲು ಅಲ್ಲ.

ಸಾಧಾರಣ ಅಂದರೆ ಎಷ್ಟು? ಎಷ್ಟು ಬೋನು, ಯಾವ ತಿಂಗಳು? ತೀರ್ಪಿನಲ್ಲಿ ಲೆಕ್ಕ ಇರಲಿಲ್ಲ. ಮಿಕ್‌ಮಾ ಮೀನುಗಾರರು ಕಡಲಿಗಿಳಿದರು. ಮೂರು ವಾರವೂ ಆಗಿರಲಿಲ್ಲ, ಪಕ್ಕದ ನ್ಯೂ ಬ್ರನ್ಸ್‌ವಿಕ್‌ನ ಬರ್ನ್ಟ್ ಚರ್ಚ್ ಎಂಬಲ್ಲಿ ಸುಮಾರು 150 ದೋಣಿಗಳಲ್ಲಿ ಬಂದ ಇತರ ಮೀನುಗಾರರು ಅವರ ಸಾವಿರಾರು ಬೋನುಗಳನ್ನು ಹಾಳು ಮಾಡಿದರು. ನವೆಂಬರ್ 17ಕ್ಕೆ ಕೋರ್ಟ್ ಮತ್ತೊಂದು ಸ್ಪಷ್ಟನೆ ಕೊಟ್ಟಿತು. ಮೀನಿನ ಸಂತತಿ ಕಾಪಾಡಲು, ಇನ್ನಿತರ ಸರಿಯಾದ ಕಾರಣಗಳಿಗೆ ಸರ್ಕಾರ ಈ ಹಕ್ಕಿಗೆ ನಿಯಮ ಹಾಕಬಹುದು ಎಂದಿತು. ಮಿಕ್‌ಮಾ ಜನ ಮೊದಲ ತೀರ್ಪು ಹಿಡಿದುಕೊಂಡರು, ಇತರ ಮೀನುಗಾರರು ಎರಡನೆಯದನ್ನು. ಸರ್ಕಾರ ಲೈಸೆನ್ಸ್‌ಗಳನ್ನು ಕೊಂಡು ಮೂಲನಿವಾಸಿ ಸಮುದಾಯಗಳಿಗೆ ಕೊಟ್ಟಿತು. ಅದರಿಂದ ಹಲವರ ಬದುಕು ಸುಧಾರಿಸಿದ್ದು ನಿಜ. ಆದರೆ ‘ಸಾಧಾರಣ ಜೀವನೋಪಾಯ’ ಎಂಬ ಆ ಎರಡು ಪದಗಳ ಅಳತೆ ಮಾತ್ರ ಗೊತ್ತಾಗಲೇ ಇಲ್ಲ.

ಇಪ್ಪತ್ತೊಂದು ವರ್ಷ ಕಾದ ಸಿಪೆಕ್ನೆಕಟಿಕ್ ಎಂಬ ಮಿಕ್‌ಮಾ ಸಮುದಾಯ 2020ರ ಸೆಪ್ಟೆಂಬರ್ 17ರಂದೇ, ಸೀಸನ್ ಶುರುವಾಗುವ ಮೊದಲೇ, ನೋವಾ ಸ್ಕೋಶಿಯಾದ ಸೇಂಟ್ ಮೇರೀಸ್ ಕೊಲ್ಲಿಯಲ್ಲಿ ತನ್ನದೇ ಲೈಸೆನ್ಸ್ ಕೊಟ್ಟಿತು. ಒಂದಕ್ಕೆ 50 ಬೋನು. ಅದೇ ಕಡಲಲ್ಲಿ ವಾಣಿಜ್ಯ ಲೈಸೆನ್ಸ್ ಇದ್ದ ಒಬ್ಬರು 375 ಬೋನು ಇಳಿಸಬಹುದು. ಅಂಥ ಲೈಸೆನ್ಸ್‌ಗಳು 900ಕ್ಕೂ ಹೆಚ್ಚು. ಆದರೂ ವಾಣಿಜ್ಯ ಮೀನುಗಾರರ ಭಯವನ್ನು ಸುಮ್ನೆ ತಳ್ಳಿಹಾಕಲಾಗದು. ಬೇಸಿಗೆಯಲ್ಲಿ ಲಾಬ್‌ಸ್ಟರ್‌ಗಳು ಚಿಪ್ಪು ಕಳಚಲು, ಮರಿ ಮಾಡಲು ಬೆಚ್ಚಗಿನ ಆ ಕೊಲ್ಲಿಗೇ ಬರುತ್ತವೆ. ಆಗ ಹಿಡಿದರೆ ನಾಳೆಗೇನು ಎಂಬುದು ಅವರ ಪ್ರಶ್ನೆ. ಸಾಲ ಮಾಡಿ ದೋಣಿ, ಲೈಸೆನ್ಸ್ ಕೊಂಡವರು ಅವರು. ಅಲ್ಲಿ ಅನೇಕರು ಅಕೇಡಿಯನ್ನರು. 1755ರಲ್ಲಿ ಬ್ರಿಟಿಷರು ಊರು ಬಿಡಿಸಿ ಓಡಿಸಿದ ಫ್ರೆಂಚ್ ಮೂಲದವರ ವಂಶಸ್ಥರು. ಆ ಕಾಲದಲ್ಲಿ ಮಿಕ್‌ಮಾ ಜನ ಅವರ ಸ್ನೇಹಿತರು. 2020ರ ಅಕ್ಟೋಬರ್‌ನಲ್ಲಿ ವಾಣಿಜ್ಯ ಮೀನುಗಾರರ ಗುಂಪು, ಮಿಕ್‌ಮಾ ಜನರು ಹಿಡಿದ ಲಾಬ್‌ಸ್ಟರ್ ಇಟ್ಟಿದ್ದ ಕಟ್ಟಡಗಳಿಗೆ ನುಗ್ಗಿತು. ನಾಲ್ಕು ದಿನಗಳ ನಂತರ ಒಂದು ಕಟ್ಟಡ ಸುಟ್ಟು ಬೂದಿಯಾಯಿತು.

2021ರ ಮಾರ್ಚ್‌ನಲ್ಲಿ ಸರ್ಕಾರ, ಎಲ್ಲರೂ ಒಂದೇ ಸೀಸನ್ನಿನಲ್ಲಿ ಹಿಡಿಯಬೇಕು ಎಂದಿತು. ಕೆಲವು ಸಮುದಾಯಗಳು ಒಪ್ಪಿ, ತಮ್ಮದೇ ಯೋಜನೆ ಮಾಡಿಕೊಂಡು ಹಿಡಿಯುತ್ತಿವೆ. ಸಿಪೆಕ್ನೆಕಟಿಕ್ ಒಪ್ಪಲಿಲ್ಲ. ನವೆಂಬರ್ ಕೊನೆಯ ಸೋಮವಾರ ನಸುಕಿನಲ್ಲಿ, ಬೋನುಗಳನ್ನು ಎತ್ತರಕ್ಕೆ ಪೇರಿಸಿಕೊಂಡ ದೊಡ್ಡ ದೋಣಿಗಳು ಚಳಿಗಾಳಿಗೆ ಎದುರಾಗಿ ಹೊರಡುತ್ತವೆ. ಮಿಕ್‌ಮಾ ಜನರ ಸಣ್ಣ ದೋಣಿಗಳ ಪಾಲಿಗೆ ಆ ಚಳಿಗಾಲದ ಹೊತ್ತಿಗೆ ಕಡಲು ಮುಚ್ಚಿಹೋದಂತೆಯೇ.